ಅಜ್ಜನನ್ನು ಲಂಕೆಗೆ ಹೊರಡಿಸಿದ್ದು: ನನ್ನ ಅನುಭವ

ಎಂಟು ವರ್ಷದ ಗೆಲ್ಡಿಂಗ್, ಅಂದರೆ ಬೀಜ ಒಡೆದ ಗಂಡು ಕುದುರೆ. ಎಡ ಮುಂಗಾಲಿನ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ಒಮ್ಮೆ ಹೋಗಿದೆ. ಎರಡು ಸೀಸನ್ ಮೊದಲ ನಾಲ್ಕರಲ್ಲಿ ಕಾಣಿಸಿಲ್ಲ. ಇಂಥ ಕುದುರೆಯನ್ನು ಏನು ಮಾಡೋದು ಅಂತ ರೇಸ್ ಕುದುರೆ ತಯಾರು ಮಾಡುವ ನಮ್ಮ ಕಸುಬಿನಲ್ಲಿ ಯಾರನ್ನೇ ಕೇಳಿ, ರೈಡಿಂಗ್ ಸ್ಕೂಲಿಗೆ ಕೊಟ್ಟುಬಿಡಿ ಅನ್ನುತ್ತಾರೆ. ನನಗೂ ಅದನ್ನೇ ಹೇಳಿದ್ದರು. ಪುಣೆಯ ಸ್ಟೇಬಲ್ ಸಾಲಿನಲ್ಲಿ ನನ್ನದೇ ಚಹಾ ಕುಡಿಯುತ್ತ ಹೇಳಿದವರೂ ಇದ್ದಾರೆ. ಈ ಜನವರಿಯಲ್ಲಿ ಅದೇ ಕುದುರೆ ಮುಂಬೈನ ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ 1600 ಮೀಟರ್ ಹ್ಯಾಂಡಿಕ್ಯಾಪ್ (ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸುವ ರೇಸ್) ಗೆದ್ದಿತು. ಏಪ್ರಿಲ್‌ನಲ್ಲಿ ಶ್ರೀಲಂಕಾದ ನುವರ ಎಲಿಯದಲ್ಲಿ ಓಡಬೇಕು, ಕಾಗದಪತ್ರ ನಡೆಯುತ್ತಿದೆ. "ಏನು ಕೊಟ್ಟೆ?" ಅಂತ ಬೆಂಗಳೂರು, ಮೈಸೂರಿನಿಂದ ಫೋನ್ ಮಾಡಿ ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಏನೂ ಕೊಟ್ಟಿಲ್ಲ. ಕಡಿಮೆ ಓಡಿಸಿದೆ. ಹಾಗೆ ಕಡಿಮೆ ಓಡಿಸೋದಕ್ಕೆ ಎಷ್ಟು ದುಡ್ಡು ಹೋಯಿತು, ಎಷ್ಟು ಜನರ ಬಾಯಿ ಕೇಳಬೇಕಾಯಿತು ಅನ್ನೋದನ್ನು ಇಲ್ಲಿ ಬರೆಯುತ್ತೇನೆ.

ಪಾಸ್‌ಪೋರ್ಟಿನಲ್ಲಿ ಅವನಿಗೆ ದೊಡ್ಡ ಇಂಗ್ಲಿಷ್ ಹೆಸರಿದೆ. ಸ್ಟೇಬಲ್‌ನಲ್ಲಿ ಎಲ್ಲರಿಗೂ ಅಜ್ಜ. ಆ ಹೆಸರಿಟ್ಟವನು ಆಳಂದ ಕಡೆಯ ನಮ್ಮ ಸೈಸ್, ಕುದುರೆ ನೋಡಿಕೊಳ್ಳುವವನು. ಹುಟ್ಟಿದ್ದು ಕುಣಿಗಲ್ ಕಡೆ. ನನ್ನ ಹತ್ತಿರ ಬಂದಾಗ ನಾಲ್ಕು ವರ್ಷ, ಒಳ್ಳೇ ಫಾರ್ಮ್‌ನಲ್ಲಿದ್ದ. ಐದಾರು ರೇಸ್ ಗೆದ್ದ. ಮಾಲೀಕರು ಉಡುಪಿ ಕಡೆಯವರು, ಮುಂಬೈ ಉಪನಗರದಲ್ಲಿ ಹೋಟೆಲ್ ಇಟ್ಟಿದ್ದಾರೆ. ಆಗ ಪ್ರತಿ ಭಾನುವಾರ ಮಕ್ಕಳು ಮರಿ ಕಟ್ಟಿಕೊಂಡು ಪ್ಯಾಡಕ್‌ಗೆ (ರೇಸಿಗೆ ಮುಂಚೆ ಕುದುರೆಗಳನ್ನು ತಿರುಗಿಸುವ ಅಂಗಳ) ಬರುತ್ತಿದ್ದರು.

ಪುಣೆ ಸೀಸನ್ ಅಂದರೆ ಮಳೆಯ ಸೀಸನ್, ಗೊತ್ತಲ್ಲ. ಅವನಿಗೆ ಆರು ವರ್ಷವಿದ್ದಾಗ ಒಂದು ಬೆಳಿಗ್ಗೆ ಗ್ಯಾಲಪ್ ಮುಗಿಸಿ ಸರಿಯಾಗೇ ಬಂದ. ಕುಂಟಲಿಲ್ಲ, ಮೇವು ಬಿಡಲಿಲ್ಲ. ಸಂಜೆ ಸೈಸ್ ಬಂದು, "ಸರ, ಅಜ್ಜನ ಕಾಲು ಬಿಸಿ ಅದರಿ" ಅಂದ. ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿದೆ. ಮೊಣಕಾಲಿಗೂ ಫೆಟ್‌ಲಾಕ್‌ಗೂ (ಗೊರಸಿನ ಮೇಲಿನ ಕೀಲು) ನಡುಮಧ್ಯೆ, ಹಿಂಭಾಗದಲ್ಲಿ, ಬಾಳೆಹಣ್ಣಿನ ಬಾಗಿನಂಥ ಸಣ್ಣ ಉಬ್ಬು. ಬೆರಳಿಂದ ಒತ್ತಿದರೆ ಕಾಲು ಎಳೆದುಕೊಂಡ. ಸ್ಕ್ಯಾನ್‌ನಲ್ಲಿ ಟೆಂಡನ್ ನಡುವೆ ಕಪ್ಪು ತೂತು. ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಗಿತ್ತು.

ಅಲ್ಲಿಂದ ಶುರುವಾಯಿತು ಉಪದೇಶ. ಕಾದ ಕಬ್ಬಿಣದಿಂದ ಕಾಲು ಸುಡಿಸು ಅಂದರು ಹಳಬರು. ಬ್ಲಿಸ್ಟರ್, ಅಂದರೆ ಚರ್ಮ ಬೊಬ್ಬೆ ಬರಿಸುವ ಮುಲಾಮು, ಹಚ್ಚು ಅಂದರು. ಎರಡನ್ನೂ ಮಾಡಲಿಲ್ಲ. ಗಾಯದ ಮೇಲೆ ಇನ್ನೊಂದು ಗಾಯ ಮಾಡಿ ವಾಸಿ ಮಾಡೋದು ನನ್ನ ತಲೆಗೆ ಹತ್ತುವುದಿಲ್ಲ. ಸುಟ್ಟ ಕುದುರೆ ವಾಸಿಯಾಗೋದು ಸುಟ್ಟಿದ್ದಕ್ಕಲ್ಲ, ಸುಟ್ಟ ನೆಪದಲ್ಲಿ ಸಿಗುವ ವರ್ಷದ ರಜೆಗೆ. ಪಿಆರ್‌ಪಿ ಮಾಡಿಸಿದೆ. ಅವನದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಗಾಯದ ಜಾಗಕ್ಕೆ ಚುಚ್ಚಿದರು. ಎರಡು ಸಲಕ್ಕೆ ಐವತ್ತು ಸಾವಿರದ ಹತ್ತಿರ ಹೋಯಿತು. ಸ್ಕ್ಯಾನ್‌ನಲ್ಲಿ ನನಗೆ ಕಂಡಂತೆ ವ್ಯತ್ಯಾಸ ಏನೂ ಇಲ್ಲ. ಡಾಕ್ಟರು ಇದೆ ಅಂದರು. ಮ್ಯಾಗ್ನೆಟ್ ಬೂಟು ಅಂತ ಒಬ್ಬರು ಮಾರಿದರು, ಹದಿನೆಂಟು ಸಾವಿರ. ಅದು ಈಗ ನಮ್ಮ ಟ್ಯಾಕ್ ರೂಮಿನಲ್ಲಿ ಬಾಗಿಲು ಬಡಿಯದ ಹಾಗೆ ಅಡ್ಡ ಇಡಲು ಚೆನ್ನಾಗಿದೆ.

ಹತ್ತು ತಿಂಗಳು ಓಟ ಇಲ್ಲ. ಮೊದಲು ಬಾಕ್ಸ್‌ನಲ್ಲೇ, ಅಂದರೆ ಅವನ ಕೋಣೆಯಲ್ಲೇ. ಆಮೇಲೆ ಕೈಯಲ್ಲಿ ಹಿಡಿದು ಹತ್ತು ನಿಮಿಷ ನಡಿಗೆ, ನಿಧಾನಕ್ಕೆ ಮುಕ್ಕಾಲು ಗಂಟೆವರೆಗೆ. ತಿಂಗಳಿಗೆ ನಲವತ್ತು ಸಾವಿರದ ಆಜುಬಾಜು ಖರ್ಚು, ಬರೋದು ಸೊನ್ನೆ. ಮಾಲೀಕರು ಒಂದು ದಿನ ಫೋನ್ ಮಾಡಿ, "ಮಾರಾಯ್ರೆ, ಈ ಮುದಿ ಕುದುರೆಗೆ ಇನ್ನೆಷ್ಟು ಹಾಕುದು? ಎಂತ ಮಾಡುವ ಹೇಳಿ" ಅಂದರು. ಅವರದ್ದು ತಪ್ಪಲ್ಲ. ರೇಸ್ ಮೇಲೆ 2023ರ ಅಕ್ಟೋಬರ್‌ನಿಂದ ಪೂರ್ತಿ ಬಾಜಿಯ ಮೇಲೆ 28% ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಅದು 40% ಆಯಿತು. ಬಾಜಿ ಕಡಿಮೆಯಾದರೆ ಬಹುಮಾನದ ದುಡ್ಡೂ ಕಡಿಮೆ, ಹಾಲು ಕಡಿಮೆಯಾದರೆ ಬೆಣ್ಣೆ ಎಲ್ಲಿಂದ? ಮಾಲೀಕರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದಾರೆ. ಅರ್ಧ ಖರ್ಚು ನಾನು ಹಾಕಿಕೊಳ್ಳುತ್ತೇನೆ, ಗೆದ್ದರೆ ಅರ್ಧ ನನ್ನದು ಅಂದೆ. ಒಪ್ಪಿದರು. ಮನೆಯಲ್ಲಿ ಹೇಳಲಿಲ್ಲ.

ಈಗ ಓಡಿಸಿದ ರೀತಿ. ವಾರಕ್ಕೆ ಎರಡು ಫಾಸ್ಟ್ ವರ್ಕ್ (ಜೋರು ಓಟದ ಅಭ್ಯಾಸ), ನಡುವೆ ಒಂದು ಮಾಕ್ ರೇಸ್ (ಅಭ್ಯಾಸದ ರೇಸ್), ಇದು ನಾವೆಲ್ಲ ಕಲಿತದ್ದು. ಮೂರು ವರ್ಷದ ಮರಿಗೆ ಅದು ಬೇಕು, ಅದಕ್ಕೆ ಓಡೋದು ಅಂದರೇನು ಅಂತಲೇ ಗೊತ್ತಿರುವುದಿಲ್ಲ. ಅಜ್ಜನಿಗೆ ಏನು ಕಲಿಸೋದು? ನಲವತ್ತು ರೇಸ್ ಓಡಿದವನು ಅವನು. ಗೇಟ್ ಗೊತ್ತು, ತಿರುವು ಗೊತ್ತು, ಮಹಾಲಕ್ಷ್ಮಿಯ ಸ್ಟ್ರೈಟ್‌ನಲ್ಲಿ (ಕೊನೆಯ ನೇರ ದಾರಿಯಲ್ಲಿ) ಎಲ್ಲಿ ಉಸಿರು ಉಳಿಸಿಕೊಳ್ಳಬೇಕು ಅಂತ ಜಾಕಿಗಿಂತ ಚೆನ್ನಾಗಿ ಗೊತ್ತು. ಅವನ ವೇಗ ಎಲ್ಲೂ ಹೋಗಿರುವುದಿಲ್ಲ. ಹೋಗೋದು ಕಾಲು, ಹೊಟ್ಟೆ, ಮನಸ್ಸು. ಹಾಗಾಗಿ ಫಾಸ್ಟ್ ವರ್ಕ್ ಅನ್ನು ಹತ್ತು ಹನ್ನೆರಡು ದಿನಕ್ಕೊಂದು ಮಾಡಿದೆ. ಅದೂ ಕೊನೆಯ 600 ಮೀಟರ್ ಮಾತ್ರ, ನಲವತ್ತು ನಲವತ್ತೊಂದು ಸೆಕೆಂಡ್. ಟ್ರ್ಯಾಕ್ ನೋಟ್ಸ್ (ಬೆಳಗಿನ ಅಭ್ಯಾಸದ ವರದಿ) ಬರೆಯುವವರು 'ಈಸಿ' ಅಂತ ಬರೆದು ಬರೆದು ಬೇಜಾರಾಗಿ ಹೆಸರನ್ನೇ ಕೈಬಿಟ್ಟರು. ನನಗೂ ಅದೇ ಬೇಕಿತ್ತು ಅಂತ ಈಗ ಹೇಳಬಹುದು, ಅಲ್ವಾ?

ಉಳಿದ ದಿನ ಏರು. ಪುಣೆ ಹತ್ತಿರದ ಮುಳಶಿ ಕಡೆ ಸ್ನೇಹಿತರ ಫಾರ್ಮ್ ಇದೆ, ಒಂದು ಕೆಮ್ಮಣ್ಣಿನ ದಾರಿ ಗುಡ್ಡಕ್ಕೆ ಹತ್ತುತ್ತದೆ. ಮಳೆ ನಿಂತ ಮೇಲೆ ಆ ಮಣ್ಣು ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಅಲ್ಲಿ ಮೂರು ತಿಂಗಳು ಇಟ್ಟೆ. ದಿನಾ ಬೆಳಿಗ್ಗೆ ಟ್ರಾಟ್‌ನಲ್ಲಿ (ನಿಧಾನ ಓಟದಲ್ಲಿ) ಹತ್ತಿಸೋದು, ನಡೆಸಿಕೊಂಡು ಇಳಿಸೋದು. ಇಳಿಯುವಾಗ ಸವಾರ ಇಳಿಯಲೇಬೇಕು. ಏರು ಹತ್ತುವಾಗ ಮುಂಗಾಲಿನ ಮೇಲೆ ಭಾರ ಕಡಿಮೆ, ಕೆಲಸವೆಲ್ಲ ಹಿಂಭಾಗಕ್ಕೆ ಮತ್ತು ಎದೆಗೆ. ಶುರುವಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದ. ದೀಪಾವಳಿ ಹೊತ್ತಿಗೆ ಐವತ್ತು ನಿಮಿಷ ಮಾಡಿ ಕಿವಿ ನೆಟ್ಟಗೆ ಮಾಡಿಕೊಂಡು ವಾಪಸ್ ಬರುತ್ತಿದ್ದ.

ಹೊಟ್ಟೆಪಟ್ಟಿಗೆ ಕಟ್ಟುವ ಹಾರ್ಟ್ ಮಾನಿಟರ್ ಒಂದು ತಂದೆ, ಸೆಕೆಂಡ್ ಹ್ಯಾಂಡ್. ಇಷ್ಟು ವರ್ಷದಲ್ಲಿ ನಾನು ಕೊಂಡ ಸಾಮಾನಿನಲ್ಲಿ ಇದೊಂದಕ್ಕೆ ದುಡ್ಡು ವಸೂಲಾಗಿದೆ. ಎಂಡ್ಯುರೆನ್ಸ್ ರೈಡಿಂಗ್‌ನವರು (ಬಹುದೂರ ಸವಾರಿಯ ಸ್ಪರ್ಧೆಯವರು) ನಿಮಿಷಕ್ಕೆ 64 ಬಡಿತದ ಗೆರೆ ಇಟ್ಟುಕೊಂಡಿರುತ್ತಾರಲ್ಲ, ಅದಕ್ಕೆ ಇಳಿಯದಿದ್ದರೆ ಕುದುರೆ ಮುಂದೆ ಹೋಗುವಂತಿಲ್ಲ. ಅದನ್ನೇ ನಾನೂ ಇಟ್ಟುಕೊಂಡೆ. ಗುಡ್ಡ ಹತ್ತಿ ನಿಂತು ಹತ್ತು ನಿಮಿಷಕ್ಕೆ 64ಕ್ಕೆ ಬಂದರೆ ಮರುದಿನ ಕೆಲಸ. ಬರಲಿಲ್ಲ ಅಂದರೆ ನಡಿಗೆ. ಯಾವ ರೇಸ್ ಬರುತ್ತಿದೆ, ಮಾಲೀಕರು ಏನು ಅಂದರು, ಅದೆಲ್ಲ ಲೆಕ್ಕಕ್ಕಿಲ್ಲ. ಅಜ್ಜನಲ್ಲಿ ನಾನು ಕಂಡ ಒಂದು ವಿಷಯ ಹೇಳುತ್ತೇನೆ. ಟೆಂಡನ್ ಬಿಸಿಯಾಗುವ ಮುಂಚೆ, ಎರಡು ಮೂರು ದಿನ ಮೊದಲೇ, ಬಡಿತ ಇಳಿಯೋದು ತಡವಾಗುತ್ತದೆ. ನೋವನ್ನು ಅವನು ನಮಗೆ ತೋರಿಸುವುದಿಲ್ಲ, ಎದೆ ತೋರಿಸಿಬಿಡುತ್ತದೆ.

ಮೇವಿನ ವಿಷಯಕ್ಕೆ ಬಂದರೆ, ಓಟ್ಸ್ ಅರ್ಧಕ್ಕೆ ಇಳಿಸಿದೆ. ಅದರ ಬದಲು ಎಣ್ಣೆ, ಬೀಟ್ ಪಲ್ಪ್, ಕುದುರೆ ಮಸಾಲೆ ಸೊಪ್ಪು. ಕೆಲಸಕ್ಕೆ ಹೋಗುವ ಅರ್ಧ ಗಂಟೆ ಮೊದಲು ಒಂದು ಹಿಡಿ ಸೊಪ್ಪು ತಿನ್ನಿಸಲೇಬೇಕು. ಬರೀ ಹೊಟ್ಟೆಯಲ್ಲಿ ಓಡಿದರೆ ಆಸಿಡ್ ಮೇಲಕ್ಕೆ ಎರಚಿ ಹುಣ್ಣಾಗುತ್ತದೆ. ನಮ್ಮಲ್ಲಿ ಹಸಿದ ಕುದುರೆ ಚುರುಕಾಗಿ ಓಡುತ್ತದೆ ಅನ್ನುವವರು ಇನ್ನೂ ಇದ್ದಾರೆ. ಸಂಜೆ ಬೇಯಿಸಿದ ಅಗಸೆ. ನಾನು ಧಾರವಾಡದ ಕಡೆಯವನು, ಅಗಸೆ ಚಟ್ನಿ ತಿಂದು ಬೆಳೆದವನು. ಅದಕ್ಕೇ ಇದರ ಮೇಲೆ ನಂಬಿಕೆ ಜಾಸ್ತಿ ಅಂತ ಡಾಕ್ಟರು ನಗುತ್ತಾರೆ. ಅಗಸೆಯನ್ನು ಲೋಳೆ ಬರುವ ತನಕ ಕುದಿಸಬೇಕು, ಹಸಿ ಹಾಕಬೇಡಿ. ಕುದಿಯುವಾಗ ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಅದನ್ನು ಬರೆಯಲ್ಲ. ಡೋಪ್ ಟೆಸ್ಟಿನಲ್ಲಿ ಸಿಕ್ಕಿಬೀಳುವಂಥದ್ದಲ್ಲ, ಯಾವ ಅಡುಗೆಮನೆಯಲ್ಲಾದರೂ ಇರುವಂಥದ್ದು. ಓಟ್ಸ್ ಮುಟ್ಟದ ದಿನವೂ ಅಗಸೆಯ ಬಕೆಟ್ ತಳ ನೆಕ್ಕಿ, ಮೂತಿಯಿಂದ ಅದನ್ನು ಬಾಕ್ಸ್ ಆಚೆ ತಳ್ಳುತ್ತಾನೆ.

ಲಾಳದ ಬಗ್ಗೆ ನಾಲಬಂದನ ಜೊತೆ ದೊಡ್ಡ ಜಗಳವೇ ಆಯಿತು. ಅಜ್ಜನ ಮುಂಗೊರಸಿನ ಟೋ (ಮುಂತುದಿ) ಉದ್ದ, ಹಿಮ್ಮಡಿ ಕೆಳಗೆ. ಟೋ ಉದ್ದ ಇದ್ದಷ್ಟೂ ಹೆಜ್ಜೆ ಎತ್ತುವಾಗ ಟೆಂಡನ್ ಎಳೆಯುತ್ತದೆ. ಟೋ ಹಿಂದಕ್ಕೆ ತಾ, ಅಂಚು ದುಂಡಗೆ ಮಾಡು ಅಂದೆ. ಹೆಜ್ಜೆ ಚಿಕ್ಕದಾಗುತ್ತದೆ ಅಂದ. ಆಗಲಿ ಅಂದೆ. ನಾಲ್ಕು ವಾರಕ್ಕೊಮ್ಮೆ ಮಾಡುತ್ತಿದ್ದದ್ದನ್ನು ಮೂರು ವಾರಕ್ಕೆ ತಂದೆ. ಖರ್ಚು ಸ್ವಲ್ಪ ಹೆಚ್ಚಾಯಿತು. ಹೆಜ್ಜೆಯೇನೂ ಚಿಕ್ಕದಾಗಲಿಲ್ಲ. ಈಗ ಅವನೇ ಬೇರೆ ಸ್ಟೇಬಲ್‌ಗಳಲ್ಲಿ ಇದು ತನ್ನ ಐಡಿಯಾ ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಲಿ ಬಿಡಿ.

ಸುಮ್ನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಅಲಿಬಾಗ್ ಸಮುದ್ರದಲ್ಲಿ ಮೊಣಕಾಲು ನೀರಿನಲ್ಲಿ ನಡೆಸಿದೆ. ಅವನಿಗೆ ಖುಷಿ, ಆದರೆ ನಮ್ಮ ಕಡಲಿನ ನೀರು ಬೆಚ್ಚಗೆ, ಕಾಲಿಗೆ ಉಪಯೋಗವಿಲ್ಲ. ಅದಕ್ಕಿಂತ ಎರಡು ಬಕೆಟ್ ಐಸಿಗೆ ಕಲ್ಲುಪ್ಪು ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸೋದು ವಾಸಿ. ಮೀನು ಮಾರುಕಟ್ಟೆ ಐಸು, ದಿನಕ್ಕೆ ನೂರು ರೂಪಾಯಿ ಒಳಗೆ. ಫ್ಲೋಟ್ (ಕುದುರೆ ಸಾಗಿಸುವ ಗಾಡಿ) ಒಳಗೆ ಒಡೆಯದ ಥರದ ಪ್ಲಾಸ್ಟಿಕ್ ಕನ್ನಡಿ ಅಂಟಿಸಿದೆ. ಒಂಟಿಯಾಗಿ ಪ್ರಯಾಣ ಮಾಡುವ ಕುದುರೆ ಪಕ್ಕದಲ್ಲಿ ಇನ್ನೊಂದಿದೆ ಅಂತ ಸಮಾಧಾನವಾಗಿ ನಿಲ್ಲುತ್ತದೆ. ಇದು ನಿಜಕ್ಕೂ ಕೆಲಸ ಮಾಡಿತು, ಪುಣೆಯಿಂದ ಮುಂಬೈಗೆ ಬಂದರೆ ಮೊದಲು ನೆನೆದು ತೊಪ್ಪೆಯಾಗುತ್ತಿದ್ದವನು ಈಗ ಒಣಗಿದ ಮೈಯಲ್ಲಿ ಇಳಿಯುತ್ತಾನೆ. ಬಾಕ್ಸ್‌ನಲ್ಲಿ ರೇಡಿಯೋ ಹಾಕಿದ್ದು ಮಾತ್ರ ಸೈಸ್‌ಗೆ ಉಪಯೋಗವಾಯಿತು.

ರೇಸಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಬುಕ್ಕಿಗಳ ಬೋರ್ಡಿನಲ್ಲಿ ಒಂದಕ್ಕೆ ಇಪ್ಪತ್ತಕ್ಕೂ ಮೇಲಿದ್ದ, ಅಂದರೆ ಗೆಲ್ಲುತ್ತಾನೆ ಅಂತ ಯಾರೂ ನಂಬಿರಲಿಲ್ಲ. ಜಾಕಿಗೆ ಹೇಳಿದ್ದು ಇಷ್ಟೇ: ಕೊನೆಯ 400 ಮೀಟರ್ ತನಕ ಕೈ ಆಡಿಸಬೇಡ, ಆಮೇಲೆ ಅವನಿಗೇ ಬಿಡು. ತಿರುವಿನಲ್ಲಿ ಏಳನೆಯವನು. ಮುಂದಿನವರು ಸುಸ್ತಾಗಿ ಒಬ್ಬೊಬ್ಬರಾಗಿ ಹಿಂದೆ ಬಂದರು, ಇವನು ಅದೇ ವೇಗದಲ್ಲಿ ಹೋದ. ಮುಕ್ಕಾಲು ಲೆಂತ್, ಅಂದರೆ ಮುಕ್ಕಾಲು ಕುದುರೆಯುದ್ದದಿಂದ ಗೆದ್ದ. ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಕಾಲು ಮುಟ್ಟಿ ನೋಡಿದೆ, ಎರಡೂ ಕಾಲು ಒಂದೇ ತಂಪು. ಗೆದ್ದದ್ದಕ್ಕಿಂತ ನನಗೆ ಖುಷಿಯಾದದ್ದು ಅದಕ್ಕೆ. ಸ್ಟೇಕ್ (ಬಹುಮಾನ) ದುಡ್ಡಿನಲ್ಲಿ ನಮ್ಮ ಖರ್ಚಿನ ಅರ್ಧವೂ ಬರಲಿಲ್ಲ.

ಲಂಕೆಯ ಮಾತು ಬಂದದ್ದು ಆಮೇಲೆ. ಕೊಲಂಬೊದವರೊಬ್ಬರು ರೇಸ್ ನೋಡಿ ಅರ್ಧ ಪಾಲು ಕೇಳಿದರು. ನುವರ ಎಲಿಯದಲ್ಲಿ 1875ರಿಂದ ರೇಸ್ ಕೋರ್ಸ್ ಇದೆ, ಏಪ್ರಿಲ್‌ನಲ್ಲಿ ಅವರ ಹೊಸ ವರ್ಷದ ಹೊತ್ತಿಗೆ ದೊಡ್ಡ ಜಾತ್ರೆ, ಗವರ್ನರ್ಸ್ ಕಪ್ ಆಗೋದು ಆಗಲೇ. ಅಲ್ಲಿ ಓಡುವ ಕುದುರೆಗಳಲ್ಲಿ ಹೆಚ್ಚಿನವು ನಮ್ಮ ದೇಶದಲ್ಲೇ ಹುಟ್ಟಿದವು. ಹಾಗಾದರೆ ಅದೇನು ಮಹಾ ಫಾರಿನ್ ಅಂತ ಒಬ್ಬರು ನಕ್ಕರು. ನಗಲಿ. ಯುರೋಪಿಗೆ ಕಳಿಸೋಣ ಅಂದರೆ ರೋಗದ ಭಯಕ್ಕೆ ನಮ್ಮ ಕುದುರೆ ಮೂರನೇ ದೇಶದಲ್ಲಿ ತಿಂಗಳುಗಟ್ಟಲೆ ಕೂರಬೇಕು. ಭಾರತದಲ್ಲಿ ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಎಂಬ ಕುದುರೆಗಳ ಮಾರಕ ರೋಗ ಇಲ್ಲ ಅಂತ 2014ರಲ್ಲೇ ಒಪ್ಪಿಕೊಂಡಿದ್ದಾರೆ, 2025ರಲ್ಲಿ ಮೀರತ್‌ನ ಮಿಲಿಟರಿ ಪಶುವೈದ್ಯ ಕೇಂದ್ರಕ್ಕೆ ರೋಗಮುಕ್ತ ವಲಯ ಅಂತ ಮಾನ್ಯತೆಯೂ ಸಿಕ್ಕಿದೆ. ಅದರ ಫಲ ನಮ್ಮಂಥವರ ಸ್ಟೇಬಲ್‌ವರೆಗೆ ಬರುವ ಹೊತ್ತಿಗೆ ಅಜ್ಜ ನಿಜವಾಗಿ ಅಜ್ಜನಾಗಿರುತ್ತಾನೆ.

ವಯಸ್ಸಾದ ಕುದುರೆ ಹೊರದೇಶದಲ್ಲಿ ಏನು ಮಾಡೀತು ಅನ್ನುವವರಿಗೆ ಟೇಕೋವರ್ ಟಾರ್ಗೆಟ್ ಕಥೆ ನೆನಪಿಸುತ್ತೇನೆ. ಆಸ್ಟ್ರೇಲಿಯಾದ ಟ್ಯಾಕ್ಸಿ ಡ್ರೈವರ್ ಜೋ ಜಾನಿಯಾಕ್ ಸುಮಾರು 1,250 ಡಾಲರಿಗೆ ಕೊಂಡ ಕುದುರೆ, ಮಂಡಿ ಸರಿಯಿರಲಿಲ್ಲ. 2006ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಟ್‌ನಲ್ಲೂ ಜಪಾನಿನಲ್ಲೂ ಗೆದ್ದಿತು, 2008ರಲ್ಲಿ ಸಿಂಗಪುರದಲ್ಲಿ. ಇಂಗ್ಲೆಂಡಿನ ರೆಡ್ ಕ್ಯಾಡೋ ಎಂಬ ಕುದುರೆ ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್‌ನಲ್ಲಿ 2011, 2013, 2014 ಮೂರು ಸಲ ಎರಡನೆಯದು. ಯವನಾಸ್ ಪೇಸ್ ಎಂಬ ಇನ್ನೊಂದು 2002ರಲ್ಲಿ ಹತ್ತು ವರ್ಷಕ್ಕೆ ಜರ್ಮನಿಗೆ ಹೋಗಿ ಗ್ರೂಪ್ ಒನ್, ಅಂದರೆ ಅತ್ಯುನ್ನತ ದರ್ಜೆಯ ರೇಸ್, ಹೊಡೆಯಿತು. ಅಜ್ಜ ಆ ಮಟ್ಟದವನಲ್ಲ, ನನಗೆ ಗೊತ್ತು. ಆದರೆ ವಯಸ್ಸು ಅಡ್ಡಿ ಅಂತ ಹೇಳಬೇಡಿ.

ಅಡ್ಡಿ ಇರೋದು ಎತ್ತರ. ನುವರ ಎಲಿಯ ಸಮುದ್ರ ಮಟ್ಟದಿಂದ 1,868 ಮೀಟರ್. ಗಾಳಿಯ ಒತ್ತಡ ಮುಂಬೈಗಿಂತ ಐದರಲ್ಲಿ ಒಂದು ಪಾಲು ಕಡಿಮೆ. ಊಟಿಯಲ್ಲಿ ಕುದುರೆ ಓಡಿಸಿದ ಹಳಬರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅದು ಇನ್ನೂ ಎತ್ತರ, ಆದರೆ 2024ರಲ್ಲಿ ತಮಿಳುನಾಡು ಸರ್ಕಾರ ಅಲ್ಲಿನ ರೇಸ್ ಕೋರ್ಸಿನ ಜಾಗ ವಾಪಸ್ ತೆಗೆದುಕೊಂಡ ಮೇಲೆ ಆ ಅನುಭವ ಇರುವವರೂ ಕಡಿಮೆಯಾಗುತ್ತಿದ್ದಾರೆ. ಅವರಲ್ಲಿ ಎರಡು ಪಂಥ. ಹಿಂದಿನ ದಿನ ಹೋಗು, ಇಲ್ಲ ಮೂರು ವಾರ ಮೊದಲು ಹೋಗು, ನಡುವೆ ಮಾತ್ರ ಬೇಡ. ನಾನು ಮೂರು ವಾರದವರ ಕಡೆ. ಇಲ್ಲೇ ಅಭ್ಯಾಸ ಆಗಲಿ ಅಂತ ಪಂಚಗಣಿಯ ಹತ್ತಿರ ಒಂದು ತೋಟದಲ್ಲಿ ನಮ್ಮ ಲೀಡ್ ಕುದುರೆಯನ್ನು (ಅಭ್ಯಾಸದಲ್ಲಿ ಜೊತೆಗೆ ಓಡಿಸುವ ಕುದುರೆ) ಎರಡು ವಾರ ಇಟ್ಟು ಮಾನಿಟರ್ ಕಟ್ಟಿ ನೋಡಿದೆ. 1,300 ಮೀಟರ್ ಸಾಲದು, ಏನೂ ಬದಲಾಗಲಿಲ್ಲ. ಅಲ್ಲಿನ ಬಾಡಿಗೆ ಕುದುರೆಗಳ ನಡುವೆ ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ಭಯ ಬೇರೆ. ಅಜ್ಜನನ್ನು ಅಲ್ಲಿಗೆ ಕಳಿಸಲಿಲ್ಲ. ನನ್ನ ಲೆಕ್ಕ ಏನೆಂದರೆ, ಅಲ್ಲಿ ಮೊದಲ ವಾರ ಬರೀ ನಡಿಗೆ, ಎರಡನೇ ವಾರ ಟ್ರಾಟ್, 64ರ ಗೆರೆ ಅಲ್ಲಿಯೂ ಅದೇ. ಒಂದೇ ಒಂದು ಫಾಸ್ಟ್ ವರ್ಕ್. ಮುಳಶಿಯ ಏರು ಇಲ್ಲಿ ಲಾಭಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ. ಮುಂದೆ ಓಡುವವರು ಅಲ್ಲಿ ಕೊನೆಯ ಫರ್ಲಾಂಗ್‌ನಲ್ಲಿ ಉಸಿರು ಕಟ್ಟಿ ನಿಲ್ಲುತ್ತಾರೆ. ಇವನ ಶೈಲಿ ಅದಕ್ಕೆ ಹೇಳಿ ಮಾಡಿಸಿದ್ದು.

ಕಾಗದದ ಕೆಲಸ ಮಾತ್ರ ತಲೆನೋವು. ಸ್ಟಡ್ ಬುಕ್ ಅಥಾರಿಟಿ (ಕುದುರೆಗಳ ವಂಶದ ದಾಖಲೆ ಇಡುವ ಸಂಸ್ಥೆ) ಪುಣೆಯಲ್ಲೇ ಇರುವುದರಿಂದ ಪಾಸ್‌ಪೋರ್ಟ್, ಮೈಕ್ರೋಚಿಪ್ ಹೊಂದಿಸೋದು ಸುಲಭವಾಯಿತು. ರಕ್ತದ ಸ್ಯಾಂಪಲ್ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಯಿತು, ಗ್ಲ್ಯಾಂಡರ್ಸ್, ಇಐಎ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ) ಎರಡೂ ನೆಗೆಟಿವ್ ಬಂತು. ಒಬ್ಬ ಏಜೆಂಟ್ ಅಡ್ವಾನ್ಸ್ ತೆಗೆದುಕೊಂಡು ಆರು ವಾರ ಆಟ ಆಡಿಸಿದ. ಎಪ್ಪತ್ತು ಸಾವಿರ, ಅರ್ಧ ವಾಪಸ್ ಬಂದಿದೆ. ಈಗ ಬೇರೆಯವರು. ಸಾಗಣೆ, ಇನ್ಶೂರೆನ್ಸ್, ಕ್ವಾರಂಟೈನ್ ಎಲ್ಲ ಸೇರಿ ಆರು ಏಳು ಲಕ್ಷ ಆಗುತ್ತದೆ, ಹೆಚ್ಚಿನ ಪಾಲು ಕೊಲಂಬೊದವರದ್ದು. ವಾಪಸ್ ತರುವ ಖರ್ಚು ಅದಕ್ಕಿಂತ ಜಾಸ್ತಿ, ಹಾಗಾಗಿ ಅಜ್ಜ ಅಲ್ಲೇ ಉಳಿಯುತ್ತಾನೆ. ರೇಸ್ ಕಾರ್ಡಿನಲ್ಲಿ ಟ್ರೇನರ್ ಅಂತ ಅಲ್ಲಿಯವರ ಹೆಸರು ಇರುತ್ತದೆ. ನಾನು ಕೈಯಲ್ಲಿ ಮಾನಿಟರ್ ಹಿಡಿದು ಪಕ್ಕದಲ್ಲಿ ನಿಲ್ಲೋದು. ಓಟ ನಿಲ್ಲಿಸಿದ ಮೇಲೆ ಮಾರುವಂತಿಲ್ಲ, ಅವರ ಎಸ್ಟೇಟ್‌ನಲ್ಲೇ ಇಟ್ಟುಕೊಳ್ಳಬೇಕು ಅಂತ ಬರೆಸಿಕೊಂಡಿದ್ದೇನೆ. ಆ ಸಾಲು ಸೇರಿಸಲು ಮಾಲೀಕರೇ ಹಟ ಹಿಡಿದರು. "ಅಷ್ಟು ದುಡಿದಿದ್ದಾನೆ ಮಾರಾಯ್ರೆ" ಅಂದರು, ಎಷ್ಟು ಹಾಕುದು ಅಂತ ಕೇಳಿದವರೇ.

ನನಗೆ ನಿಜವಾದ ಆಸೆ ಏನು ಅಂದರೆ, ಕಪ್ ಸಿಗದಿದ್ದರೂ ಮೊದಲ ಮೂರರಲ್ಲಿ ಬರಬೇಕು. ಆ ಗುಡ್ಡದಲ್ಲಿ ಏಪ್ರಿಲ್ ಮಧ್ಯಾಹ್ನ ಮಳೆ ಬರೋದುಂಟು. ನೆಲ ಸ್ವಲ್ಪ ಮೆತ್ತಗಿದ್ದರೆ ಅವನ ಕಾಲಿಗೆ ಒಳ್ಳೆಯದು. ತೀರಾ ಗಟ್ಟಿಯಿದ್ದರೆ, ಇಲ್ಲ ಕೆಸರಾದರೆ, ವಿತ್‌ಡ್ರಾ ಮಾಡಿಸುತ್ತೇನೆ ಅಂತ ಮೊದಲೇ ಹೇಳಿದ್ದೇನೆ. ಗೇಟಿನಲ್ಲಿ ಅವನನ್ನು ಶಾಂತವಾಗಿ ನಿಲ್ಲಿಸುವ ಒಂದು ಉಪಾಯ ಇದೆ, ಅದನ್ನು ಅಲ್ಲಿನ ಜಾಕಿಗೆ ಮಾತ್ರ ಹೇಳುತ್ತೇನೆ.

ಮಾರ್ಚ್ ಎರಡನೇ ವಾರ ಫ್ಲೋಟ್ ಹೊರಡುತ್ತದೆ, ಚೆನ್ನೈವರೆಗೆ ರಸ್ತೆ. ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ ತಲೆ ಕೆಳಗೆ ಬಿಡಿಸುತ್ತೇವೆ. ತಲೆ ಮೇಲೆ ಕಟ್ಟಿಯೇ ಒಯ್ದರೆ ಶ್ವಾಸಕೋಶ ಕೆಟ್ಟು ಪ್ರಯಾಣದ ಜ್ವರ ಬರುತ್ತದೆ, ಅಷ್ಟು ದೂರ ಹೋಗಿ ಬಾಕ್ಸ್‌ನಲ್ಲಿ ಮಲಗಿಸಿದ ಹಾಗಾಗುತ್ತದೆ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿಗೆ ಜಾಗ ಸಿಕ್ಕಿದೆ. ಬೆಂಗಳೂರಿನ ಆಸುಪಾಸಿನಲ್ಲಿ ಎರಡು ರಾತ್ರಿಗೆ ಒಂದು ಖಾಲಿ ಬಾಕ್ಸ್ ಬೇಕು, ಸುತ್ತ ಬೇರೆ ಕುದುರೆಗಳು ಇರಬಾರದು, ಸೊಳ್ಳೆ ಕಡಿಮೆ ಇರಬೇಕು. ಮೇವು, ಐಸು ನಾವೇ ತರುತ್ತೇವೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಬೇಗ ತಿಳಿಸಿ. ಅಗಸೆ ಕುದಿಸಲು ಒಂದು ಒಲೆ ಸಿಕ್ಕಿದರೆ ಇನ್ನೂ ಒಳ್ಳೆಯದು.